ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಬೆಟ್ಟದ ತಪೋಕ್ಷೇತ್ರಗಳು: ಶಿವಗಂಗೆ ಮತ್ತು ನೆರೆಹೊರೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲೂಕುಗಳಲ್ಲಿ ಮೊದಲೆರಡು ಬೆಟ್ಟದ ಸೀಮೆ, ಉಳಿದೆರಡು ಹೆಚ್ಚು ಕಡಿಮೆ ಬಯಲು. ಜನರು ಏಕಾಂತವನ್ನೂ ದೇವರನ್ನೂ ಅರಸಿ ಹತ್ತುವ ಬೆಟ್ಟಗಳು ನೆಲಮಂಗಲದ ಪಶ್ಚಿಮದಲ್ಲಿ ಮತ್ತು ದೊಡ್ಡಬಳ್ಳಾಪುರದ ಉತ್ತರದಲ್ಲಿವೆ. ಶಿವಗಂಗೆ, ನಿಜಗಲ್ಲು, ಮಾಕಳಿದುರ್ಗ, ಘಾಟಿ ಸುಬ್ರಹ್ಮಣ್ಯ, ಹುಲುಕುಡಿ ಬೆಟ್ಟ ಇವುಗಳಲ್ಲಿ ಮುಖ್ಯವಾದವು. ಚೀನಾದ ತಾವೋ ಸಾಧಕರು ಬಿದಿರುಮೆಳೆಗಳ ನಡುವೆ ಕಟ್ಟಿಕೊಂಡ ಗಿರಿಮಠಗಳಿಗೆ ನಮ್ಮ ಸೀಮೆಯಲ್ಲಿ ಹೋಲಿಕೆ ಹುಡುಕುವವರು ಬರಬೇಕಾದದ್ದು ಇಲ್ಲಿಗೇ. ಇಲ್ಲಿ ಬಿದಿರಿಗಿಂತ ಬಂಡೆ ಹೆಚ್ಚು, ಮಂಜಿಗಿಂತ ಬಿಸಿಲು ಹೆಚ್ಚು. ಆದರೆ ಗವಿ, ಅದರೊಳಗೊಂದು ನೀರಿನ ಸೆಲೆ, ಅದರ ಪಕ್ಕ ಕುಳಿತ ಒಬ್ಬ ತಪಸ್ವಿ ಎಂಬ ಮೂಲಚಿತ್ರ ಎರಡೂ ಕಡೆ ಒಂದೇ. ಈ ಬೆಟ್ಟಗಳ ಮಹಿಮೆಯೆಲ್ಲ ನೀರಿನ ಸುತ್ತ ಹೆಣೆದುಕೊಂಡಿದೆ. ನೀರನ್ನು ಬಿಟ್ಟು ಇವುಗಳನ್ನು ವಿವರಿಸಲು ಹೊರಟರೆ ಉಳಿಯುವುದು ಮೆಟ್ಟಿಲುಗಳ ಲೆಕ್ಕ ಮಾತ್ರ.

ನೆಲ ಮತ್ತು ಕಲ್ಲು

ಕನಕಪುರದ ಕಡೆಯಿಂದ ರಾಮನಗರ, ಮಾಗಡಿ, ಶಿವಗಂಗೆಗಳ ಮೂಲಕ ಉತ್ತರಕ್ಕೆ ಪಾವಗಡದತ್ತ ಸಾಗುವ ಗ್ರಾನೈಟ್ ಪಟ್ಟಿಯೊಂದಿದೆ. ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ಹೆಸರು ಕ್ಲೋಸ್‌ಪೇಟೆ. ಈ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಸುತ್ತಲಿನ ಮೆದು ಭಾಗ ಸವೆದು ಹೋದಂತೆ ಗಟ್ಟಿ ಗ್ರಾನೈಟ್ ಒಂಟಿ ಗುಡ್ಡಗಳಾಗಿ ಎದ್ದು ನಿಂತಿತು. ಬಿಸಿಲು ಮಳೆಗಳಿಗೆ ಬಂಡೆ ಪದರಪದರವಾಗಿ ಬಿರಿಯುತ್ತದೆ. ಮೇಲಿನ ಗುಂಡುಗಳು ಉರುಳಿ ಒಂದರ ಮೇಲೊಂದು ಒರಗಿ ನಿಂತಾಗ ಅವುಗಳ ಅಡಿಯಲ್ಲಿ ಗವಿಗಳಾಗುತ್ತವೆ. ಬಿರುಕುಗಳಿಗೆ ಇಳಿದ ಮಳೆನೀರು ಬೇಸಿಗೆಯಲ್ಲೂ ಒಸರುತ್ತಿರುತ್ತದೆ. ನಮ್ಮ ಹಿರಿಯರು ಅಂಥ ಒಂದೊಂದು ಒಸರನ್ನೂ ತೀರ್ಥವೆಂದು ಕರೆದು, ಹೆಸರಿಟ್ಟು, ಕಾವಲು ದೇವರನ್ನು ಕೂರಿಸಿದರು. ಒಣ ಸೀಮೆಯಲ್ಲಿ ನೀರನ್ನು ಕಾಪಾಡಲು ಇದಕ್ಕಿಂತ ಒಳ್ಳೆಯ ಏರ್ಪಾಟು ಇದ್ದಿರಲಾರದು.

ಶಿವಗಂಗೆ

ನೆಲಮಂಗಲ ತಾಲೂಕು ಸೋಂಪುರ ಹೋಬಳಿಯಲ್ಲಿ, ಬೆಂಗಳೂರು–ತುಮಕೂರು ಹೆದ್ದಾರಿಯ ದಾಬಸ್‌ಪೇಟೆಯಿಂದ ಕೆಲವೇ ಕಿಲೋಮೀಟರ್ ಒಳಗೆ ಈ ಬೆಟ್ಟವಿದೆ. ಸಮುದ್ರಮಟ್ಟದಿಂದ ಎತ್ತರ ಸುಮಾರು 4,500 ಅಡಿ. ಪುರಾಣದ ಹೆಸರು ಕಕುದ್ಗಿರಿ. ಪೂರ್ವದಿಂದ ನೋಡಿದರೆ ಬಸವ, ಪಶ್ಚಿಮದಿಂದ ಗಣಪ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆ ಎತ್ತಿದ ನಾಗರ ಎಂದು ಸುತ್ತಲ ಊರಿನವರು ಹೇಳುತ್ತಾರೆ. ಬೆಟ್ಟ ಹತ್ತುವ ಮೆಟ್ಟಿಲುಗಳು ಇಲ್ಲಿಂದ ಕಾಶಿಗಿರುವ ಯೋಜನಗಳಷ್ಟೇ ಎಂಬ ನಂಬಿಕೆಯೂ ಉಂಟು. ಅದರಿಂದಲೇ ಇದು ದಕ್ಷಿಣಕಾಶಿ. ಕಾಶಿಗೆ ಹೋಗಿಬರುವಷ್ಟು ಹಣವಾಗಲಿ ಬಿಡುವಾಗಲಿ ಇಲ್ಲದ ರೈತಾಪಿ ಮಂದಿಗೆ ಈ ನಂಬಿಕೆ ಎಷ್ಟು ದೊಡ್ಡ ಸಮಾಧಾನವಾಗಿತ್ತು ಎಂಬುದನ್ನು ನಾವು ಮರೆಯಬಾರದು.

ಊರು ಬೆಟ್ಟದ ಪಾದದಲ್ಲಿದೆ. ಕಲ್ಯಾಣಿ, ತೇರಿನ ಬೀದಿ, ಕಲ್ಲಿನ ಮಂಟಪಗಳನ್ನು ದಾಟಿ ಮೆಟ್ಟಿಲು ಹತ್ತಿದರೆ ಮೊದಲು ಸಿಗುವುದು ಗಂಗಾಧರೇಶ್ವರ ಮತ್ತು ಹೊನ್ನಾದೇವಿಯ ಗುಡಿಗಳು. ಎರಡೂ ಸಹಜ ಗವಿಗಳನ್ನೇ ಗರ್ಭಗುಡಿ ಮಾಡಿಕೊಂಡವು. ಹೊರಗೆ ಕಟ್ಟಡ ಎಷ್ಟೇ ಬೆಳೆದಿದ್ದರೂ ಒಳಗೆ ತಲೆಯ ಮೇಲಿರುವುದು ಬೆಟ್ಟದ ಬಂಡೆಯೇ. ಗಂಗಾಧರೇಶ್ವರನಿಗೆ ಭಕ್ತರು ತುಪ್ಪ ತರುತ್ತಾರೆ. ಅರ್ಚಕರು ಅದನ್ನು ಲಿಂಗಕ್ಕೆ ಸವರಿ ಉಜ್ಜಿದಂತೆ ಅದು ಬೆಳ್ಳಗೆ ಬೆಣ್ಣೆಯ ಹಾಗೆ ಆಗುತ್ತದೆ. ಬೆಣ್ಣೆ ತುಪ್ಪವಾಗುವುದನ್ನು ಎಲ್ಲರ ಅಡುಗೆಮನೆಯೂ ಕಂಡಿದೆ, ತುಪ್ಪ ಮರಳಿ ಬೆಣ್ಣೆಯಾಗುವುದು ಇಲ್ಲಿಯ ವಿಶೇಷ ಎಂದು ಭಕ್ತರು ಅದನ್ನು ಪ್ರಸಾದವಾಗಿ ಒಯ್ಯುತ್ತಾರೆ. ಈ ಗರ್ಭಗುಡಿಯಿಂದ ಬೆಂಗಳೂರಿನ ಗವಿಪುರದ ಗವಿ ಗಂಗಾಧರೇಶ್ವರ ಗುಡಿಯವರೆಗೆ ಸುರಂಗವಿದೆ ಎಂಬುದು ಇನ್ನೊಂದು ನಂಬಿಕೆ. ಸುರಂಗದ ಮಾತು ಹೇಗೇ ಇರಲಿ, ಎರಡು ಗುಡಿಗಳನ್ನು ಬೆಸೆದ ನಂಟೊಂದು ನಿಜವಾಗಿ ಇದೆ. ಎರಡೂ ಗವಿಗುಡಿಗಳು, ಎರಡೂ ಗಂಗಾಧರನವು, ಎರಡಕ್ಕೂ ಮಕರ ಸಂಕ್ರಾಂತಿಯೇ ದೊಡ್ಡ ದಿನ. ಎರಡಕ್ಕೂ ಯಲಹಂಕ ನಾಡಪ್ರಭುಗಳ ಆಶ್ರಯವಿತ್ತು. ಅವರಲ್ಲೊಬ್ಬರಾದ, ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ಲೋಹದ ಪ್ರತಿಮೆಯೊಂದು ಶಿವಗಂಗೆಯ ಗುಡಿಯಲ್ಲಿದೆ. ಅವರು ತೀರಿಕೊಂಡ ಮೇಲೆ, 17ನೆಯ ಶತಮಾನದ ಆರಂಭದಲ್ಲಿ ನಿಲ್ಲಿಸಿದ ಪ್ರತಿಮೆ ಇದು. ಇಂದು ಊರೂರಿನಲ್ಲಿ ಕಾಣುವ ಕುದುರೆಯೇರಿದ, ಕತ್ತಿ ಹಿಡಿದ ಕೆಂಪೇಗೌಡರಿಗಿಂತ ದೇವರ ಮುಂದೆ ಕೈಮುಗಿದು ನಿಂತ ಈ ಗೌಡರನ್ನು ಒಮ್ಮೆ ನೋಡಬೇಕು. ಅವರಿಗೆ ಹತ್ತಿರದ ಕಾಲದವರು ಅವರನ್ನು ಹೇಗೆ ನೆನೆಯಬಯಸಿದರು ಎಂಬುದು ಇಲ್ಲಿ ತಿಳಿಯುತ್ತದೆ.

ತೀರ್ಥಗಳಲ್ಲಿ ಅಗಸ್ತ್ಯ ತೀರ್ಥ, ಕಣ್ವ ತೀರ್ಥ, ಕಪಿಲ ತೀರ್ಥ, ಪಾತಾಳಗಂಗೆಗಳ ಹೆಸರು ಹೆಚ್ಚು ಕೇಳಿಬರುತ್ತದೆ. ಪಾತಾಳಗಂಗೆ ದೊಡ್ಡ ಬಂಡೆಯ ಅಡಿಯಲ್ಲಿ ಕತ್ತಲಲ್ಲಿ ನಿಂತ ನೀರು. ಋಷಿಗಳ ಹೆಸರುಗಳು ಸುಮ್ಮನೆ ಬಂದವಲ್ಲ. ಇಲ್ಲಿ ತಪಸ್ಸು ಮಾಡಿದವರ ನೆನಪು ಎಂದು ಸ್ಥಳಪುರಾಣ ಹೇಳುತ್ತದೆ. ಮೇಲೆ ಹತ್ತುತ್ತಾ ಹೋದರೆ ಒಳಕಲ್ ತೀರ್ಥ. ಬಂಡೆಯ ಸಂದಿನಲ್ಲಿ ಒರಳಿನಂಥ ಕಿರಿದಾದ ಕುಳಿ, ಅದರ ತಳದಲ್ಲಿ ನೀರು. ಭಕ್ತರು ಬಗ್ಗಿ ಕೈ ಇಳಿಬಿಡುತ್ತಾರೆ. ನೀರು ಬೆರಳಿಗೆ ತಾಕಿದರೆ ಅಂದುಕೊಂಡದ್ದು ಕೈಗೂಡುತ್ತದೆ ಎಂಬ ನಂಬಿಕೆ. ತಾಕದವರು ಪುಣ್ಯ ಸಾಲದೆಂದು ಬೇಸರಿಸಿ ಮತ್ತೆ ಸಾಲಿನಲ್ಲಿ ನಿಲ್ಲುವುದುಂಟು. ಅಲ್ಲಿಂದ ಮುಂದೆ ಹಾದಿ ಕಡಿದಾಗುತ್ತದೆ. ಬಂಡೆಯಲ್ಲೇ ಕಡಿದ ಸಣ್ಣ ಮೆಟ್ಟಿಲುಗಳು, ಹಿಡಿದುಕೊಳ್ಳಲು ಕಬ್ಬಿಣದ ಸರಳುಗಳು. ಎತ್ತರದಲ್ಲಿ ಕಲ್ಲಿನ ಬಸವ, ಅದರ ಸುತ್ತ ಕಾಲಿಡಲು ಅಂಗೈಯಗಲದ ಜಾಗ.

ನೆತ್ತಿಯಲ್ಲಿರುವ ತೀರ್ಥಕಂಬ ಈ ಕ್ಷೇತ್ರದ ಜೀವಾಳ. ಮಕರ ಸಂಕ್ರಾಂತಿಯ ಬೆಳಗಿನ ಜಾವ ಅಲ್ಲಿ ಗಂಗೋತ್ಪತ್ತಿಯಾಗುತ್ತದೆ. ನೀರು ಕಾಣಿಸಿಕೊಂಡೊಡನೆ ಅದನ್ನು ತುಂಬಿಕೊಂಡು ವಾದ್ಯಸಮೇತ ಕೆಳಗಿಳಿಸಿ, ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ನಡೆಯುವ ಗಿರಿಜಾಕಲ್ಯಾಣದ ಧಾರೆಗೆ ಬಳಸುತ್ತಾರೆ. ಸುಗ್ಗಿ ಮುಗಿದು ಕಣ ಬರಿದಾಗುವ ಹೊತ್ತಿಗೆ, ಬರಲಿರುವ ಬೇಸಿಗೆಯ ಭಯದ ನಡುವೆ, ಬೆಟ್ಟದ ನೆತ್ತಿಯಲ್ಲಿ ನೀರು ಕಂಡಿತೇ ಎಂದು ಸಾವಿರಾರು ಜನ ಚಳಿಯಲ್ಲಿ ಕಾದು ನಿಲ್ಲುವುದು ಬರೀ ಆಚರಣೆಯಲ್ಲ. ರಾಗಿ, ಅವರೆ, ಹುರುಳಿಗಳನ್ನು ಮಳೆಯ ಮರ್ಜಿಯಲ್ಲಿ ಬೆಳೆಯುವ ಸೀಮೆಯ ಜನ ವರ್ಷಕ್ಕೊಮ್ಮೆ ನೀರಿನ ಭರವಸೆ ಪಡೆಯುವ ಗಳಿಗೆ ಅದು.

ಗವಿಮಠಗಳು

ಶಿವಗಂಗೆ ಯಾವುದೋ ಒಂದು ಮತದ ಸ್ವತ್ತಾಗಿ ಉಳಿಯಲಿಲ್ಲ. ವೀರಶೈವರ ಮೇಲಣಗವಿ ಮಠ ಹೆಸರಿನಲ್ಲೇ ತನ್ನ ನೆಲೆಯನ್ನು ಹೇಳುತ್ತದೆ. ಶೃಂಗೇರಿಯ ಪರಂಪರೆಗೆ ಸೇರಿದ ಶಾರದಾಪೀಠವೂ ಶಿವಗಂಗೆಯಲ್ಲಿದೆ, ಜೊತೆಗೆ ಶಾರದಾಂಬೆಯ ಗುಡಿ. ಜೈನಳಾದ ಹೊಯ್ಸಳ ರಾಣಿಯೊಬ್ಬಳು ಕೊನೆಯ ದಿನಗಳನ್ನು ಕಳೆದದ್ದೂ ಇಲ್ಲಿಯೇ. ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ಶಿವಗಂಗೆಯಲ್ಲಿ ಮುಡಿಪಿದಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಅವಳು ಕಟ್ಟಿಸಿದ ಸವತಿಗಂಧವಾರಣ ಬಸದಿ ಅಲ್ಲಿದೆ. ಅವಳ ತೀರಿಕೆಯ ಕಾಲವನ್ನು ವಿದ್ವಾಂಸರು ಕ್ರಿ.ಶ. 1131ಕ್ಕೆ ಹೊಂದಿಸುತ್ತಾರೆ. ಮಗಳ ಸಾವಿನ ನಂತರ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನ ಕೈಕೊಂಡು ದೇಹ ಬಿಟ್ಟಳು.

ಬೆಟ್ಟದ ಮೇಲಿನ ಕಡಿದಾದ ಅಂಚೊಂದನ್ನು ತೋರಿಸಿ, ಮಕ್ಕಳಿಲ್ಲದ ಕೊರಗಿನಿಂದ ಶಾಂತಲೆ ಹಾರಿದ್ದು ಇಲ್ಲಿಂದಲೇ ಎನ್ನುವ ಕಥೆ ಇಂದು ಹೆಚ್ಚು ಚಾಲ್ತಿಯಲ್ಲಿದೆ. ಶಾಸನದಲ್ಲಿ ಹಾರಿದ ಮಾತಿಲ್ಲ. ಕೆ.ವಿ. ಅಯ್ಯರ್ ಮತ್ತು ಸಿ.ಕೆ. ನಾಗರಾಜರಾವ್ ಅವರ ಕಾದಂಬರಿಗಳು ಶಾಂತಲೆಯನ್ನು ಕನ್ನಡ ಓದುಗರ ಮನೆಮಾತಾಗಿಸಿದವು. ಆದರೆ ಪ್ರವಾಸಿಗರ ಬಾಯಲ್ಲಿ ಉಳಿದಿರುವುದು ಆ ಅಂಚಿನ ಕಥೆಯೇ. ನಾಟ್ಯ ಸಂಗೀತಗಳಲ್ಲಿ ಪಳಗಿದ, ಬಸದಿ ಕಟ್ಟಿಸಿದ, ದಾನದತ್ತಿ ಬಿಟ್ಟ ಒಬ್ಬ ಹೆಣ್ಣನ್ನು ಅವಳ ಸಾವಿನ ದಾರಿಯೊಂದರಿಂದಲೇ ಗುರುತಿಸುವುದು ಅನ್ಯಾಯ. ಶೈವ ಕ್ಷೇತ್ರವೊಂದನ್ನು ಜೈನ ರಾಣಿ ಕೊನೆಗಾಲದ ನೆಲೆಯಾಗಿ ಆರಿಸಿಕೊಂಡಳು ಎಂಬುದೇ ಬೆಟ್ಟದ ಬಗ್ಗೆ ಹೆಚ್ಚು ಹೇಳುತ್ತದೆ.

ನಿಜಗಲ್ಲು ಮತ್ತು ಸಿದ್ಧರ ನೆನಪು

ದಾಬಸ್‌ಪೇಟೆಯ ಹತ್ತಿರದ ನಿಜಗಲ್ಲು ಬೆಟ್ಟದಲ್ಲಿ ಹಾಳುಬಿದ್ದ ಕೋಟೆಯಿದೆ. 1770ರಲ್ಲಿ ಮೈಸೂರಿನ ದಂಡು ಇದನ್ನು ಮರಾಠರಿಂದ ಕಾಪಾಡಲು ಕಾದಾಡಿತು. ಮುತ್ತಿಗೆ ಹಾಕಿದವರ ಕಡೆ ಚಿತ್ರದುರ್ಗದ ಬೇಡರ ಪಡೆಯೂ ಇತ್ತು. ಅದೇ ಬೆಟ್ಟವನ್ನು ಊರಿನವರು ಸಿದ್ಧರ ಬೆಟ್ಟ ಎಂದೂ ಕರೆಯುತ್ತಾರೆ. ಪಕ್ಕದ ತುಮಕೂರು ಜಿಲ್ಲೆಯ ಕೊರಟಗೆರೆ ತಾಲೂಕಿನಲ್ಲಿ ಇದಕ್ಕಿಂತ ಹೆಸರುವಾಸಿಯಾದ ಇನ್ನೊಂದು ಸಿದ್ಧರಬೆಟ್ಟವಿದೆ. ಅಲ್ಲಿ ಗವಿಯೊಳಗೆ ಸಿದ್ಧೇಶ್ವರ, ಸುತ್ತ ಔಷಧಿ ಗಿಡಮೂಲಿಕೆಗಳಿಗೆ ಹೆಸರಾದ ಕಾಡು. ಕನ್ನಡ ನಾಡಿನ ಸಿದ್ಧರ ಕಲ್ಪನೆ ತಾವೋ ಸಾಧಕರ ಕಲ್ಪನೆಗೆ ಬಹಳ ಹತ್ತಿರದ್ದು. ಗವಿಯಲ್ಲಿ ವಾಸ, ಉಸಿರಿನ ಮೇಲೆ ಹಿಡಿತ, ಬೇರುನಾರುಗಳ ಅರಿವು, ಸಾವನ್ನು ಮುಂದೂಡುವ ರಸವಿದ್ಯೆ ಎರಡರಲ್ಲೂ ಉಂಟು. ತಮಿಳು ಸಿದ್ಧ ಪರಂಪರೆ ತನ್ನ ಭೋಗರ್ ಎಂಬ ಸಿದ್ಧನಿಗೆ ಚೀನಾದ ನಂಟನ್ನು ನೇರವಾಗಿಯೇ ಹೇಳುತ್ತದೆ. ನಮ್ಮ ಕಡೆ ಅಂಥ ಕಥೆ ಇಲ್ಲದಿದ್ದರೂ ಸಿದ್ಧನ ಹೆಸರು ಹೊತ್ತ ಬೆಟ್ಟಗಳಿಗೆ ಬರವಿಲ್ಲ.

ದೊಡ್ಡಬಳ್ಳಾಪುರದ ಬೆಟ್ಟಗಳು

ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿನ ಕಡೆ ಹೋಗುವ ರೈಲುಮಾರ್ಗದ ಪಕ್ಕದಲ್ಲೇ ಮಾಕಳಿದುರ್ಗ ಎದ್ದಿದೆ. ನೆತ್ತಿಯಲ್ಲಿ ಕೋಟೆಯ ಅವಶೇಷ, ಶಿವನ ಹಳೆಯ ಗುಡಿ, ಬಸವ. ಮಾರ್ಕಂಡೇಯ ಋಷಿ ಇಲ್ಲಿ ತಪಸ್ಸು ಮಾಡಿದನೆಂದು ಐತಿಹ್ಯ. ಹುಲುಕುಡಿ ಬೆಟ್ಟ ವೀರಭದ್ರನದು, ಅಲ್ಲೂ ಗವಿಯೇ ಗುಡಿ.

ಘಾಟಿ ಸುಬ್ರಹ್ಮಣ್ಯ ಬೆಟ್ಟಗಳ ನಡುವಿನ ಕಣಿವೆಯ ಕ್ಷೇತ್ರ. ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಏಳು ಹೆಡೆಯ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ನರಸಿಂಹ. ಹಿಂಬದಿಯ ನರಸಿಂಹನ ದರ್ಶನವಾಗಲೆಂದು ಕನ್ನಡಿ ಇಟ್ಟಿದ್ದಾರೆ. ಮಕ್ಕಳ ಫಲ ಬೇಡಿದವರು ನಿಲ್ಲಿಸಿದ ನಾಗರಕಲ್ಲುಗಳು ಆವರಣದಲ್ಲಿ ಸಾಲುಗಟ್ಟಿವೆ. ಪುಷ್ಯ ಶುದ್ಧ ಷಷ್ಠಿಯ ರಥೋತ್ಸವದ ಸುಮಾರಿಗೆ ಸೇರುವ ದನಗಳ ಜಾತ್ರೆಗೆ ಹಳ್ಳಿಕಾರ್ ತಳಿಯ ಹೋರಿಗಳನ್ನು ದೂರದ ಜಿಲ್ಲೆಗಳಿಂದ, ಆಂಧ್ರದ ಗಡಿಯಾಚೆಯಿಂದಲೂ ತರುತ್ತಾರೆ. ಏಕಾಂತ ಬಯಸುವವರು ಆ ದಿನಗಳನ್ನು ಬಿಟ್ಟು ಬರಬೇಕು. ಜನಜೀವನ ನೋಡಬಯಸುವವರು ಅದೇ ದಿನಗಳಲ್ಲಿ ಬರಬೇಕು.

ದೇವನಹಳ್ಳಿ, ಹೊಸಕೋಟೆಗಳು ಕೋಟೆಕೊತ್ತಲ, ಕೆರೆಗಳ ಸೀಮೆ. ಹತ್ತುವ ಬೆಟ್ಟಗಳ ಕ್ಷೇತ್ರ ಅಲ್ಲಿ ಕಡಿಮೆ.

ಮೆಳೆ ಮತ್ತು ತೋಪು

ಬಿದಿರು ಈ ಜಿಲ್ಲೆಯ ಬೆಟ್ಟಗಳನ್ನು ಮಲೆನಾಡಿನಂತೆ ಆವರಿಸಿಲ್ಲ. ಎಲೆಯುದುರುವ ಒಣ ಕಾಡಿನ ಜೊತೆಗಾರ ಕಿರುಬಿದಿರು, ಸಸ್ಯಶಾಸ್ತ್ರದಲ್ಲಿ ಡೆಂಡ್ರೊಕಲಾಮಸ್ ಸ್ಟ್ರಿಕ್ಟಸ್. ತೇವವಿರುವ ಹಳ್ಳದ ಬದಿಗೆ ಒಗ್ಗುವುದು ಹೆಬ್ಬಿದಿರು, ಬಾಂಬೂಸಾ ಬಾಂಬೋಸ್. ಹೆಬ್ಬಿದಿರು ಹಲವು ದಶಕಕ್ಕೊಮ್ಮೆ ಮೆಳೆಮೆಳೆಯೇ ಹೂಬಿಟ್ಟು ಸಾಯುತ್ತದೆ. ಉದುರಿದ ಬಿದಿರಕ್ಕಿಯನ್ನು ಬರಗಾಲದಲ್ಲಿ ಜನ ಗುಡಿಸಿ ತಂದು ಉಂಡದ್ದುಂಟು. 2017ರ ಕಾನೂನು ತಿದ್ದುಪಡಿಯಿಂದ ಕಾಡಿನ ಹೊರಗೆ ಬೆಳೆದ ಬಿದಿರು ಮರವೆಂಬ ವ್ಯಾಖ್ಯೆಯಿಂದ ಹೊರಬಂತು. ರೈತ ತನ್ನ ಹೊಲದ ಬಿದಿರನ್ನು ಕಡಿದು ಸಾಗಿಸುವುದು ಇದರಿಂದ ಸುಲಭವಾಯಿತು.

ಇಲ್ಲಿ ಬಿದಿರಿನ ದೊಡ್ಡ ನೆಲೆ ಬೆಟ್ಟಕ್ಕಿಂತ ಮನೆಯೇ. 12ನೆಯ ಶತಮಾನದ ಶರಣ ಮೇದಾರ ಕೇತಯ್ಯನನ್ನು ತಮ್ಮ ಹಿರಿಯನೆಂದು ನೆನೆಯುವ ಮೇದಾರರು ಮೊರ, ಬುಟ್ಟಿ, ತೊಟ್ಟಿಲು, ತಟ್ಟಿಗಳನ್ನು ಹೆಣೆಯುತ್ತಾ ಬಂದಿದ್ದಾರೆ. ದೇವನಹಳ್ಳಿ, ಅದೇ ತಾಲೂಕಿನ ವಿಜಯಪುರ, ದೊಡ್ಡಬಳ್ಳಾಪುರದ ರೇಷ್ಮೆ ಸೀಮೆಗೆ ಅವರಿಂದ ಬಂದ ಮುಖ್ಯ ವಸ್ತು ಚಂದ್ರಿಕೆ. ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿಯಾಗಿ ನಿಲ್ಲಿಸಿ ಹೆಣೆದದ್ದು ಅದು. ಹಿಪ್ಪುನೇರಳೆ ಸೊಪ್ಪು ಮೆದ್ದು ಹಣ್ಣಾದ ಹುಳುಗಳನ್ನು ಅದರ ಮೇಲೆ ಬಿಟ್ಟರೆ ಆ ಸುರುಳಿಗಳ ಸಂದಿನಲ್ಲಿ ಎರಡು ಮೂರು ದಿನದಲ್ಲಿ ಗೂಡು ಕಟ್ಟುತ್ತವೆ. ರೇಷ್ಮೆ ಹುಳುವೂ ಚೀನಾ ಮೂಲದ್ದು. ಆ ದೇಶದ ಕಸುಬೊಂದು ನಮ್ಮ ಬಿದಿರಿನ ಮೇಲೆ ಹೀಗೆ ನೆಲೆನಿಂತಿತು. ಈಗ ಪ್ಲಾಸ್ಟಿಕ್ಕಿನ ನೇತ್ರಿಕೆಗಳು ಬಂದು ಚಂದ್ರಿಕೆಗಳು ಅಟ್ಟ ಸೇರುತ್ತಿವೆ, ಹೆಣೆಯುವ ಕೈಗಳೂ ವಿರಳವಾಗುತ್ತಿವೆ.

ಧ್ಯಾನಕ್ಕೆ ತಕ್ಕ ಹಳೆಯ ತೋಪು ಬೇಕೆನ್ನುವವರು ದೇವನಹಳ್ಳಿ ತಾಲೂಕಿನ ನಲ್ಲೂರಿಗೆ ಹೋಗಬೇಕು. ಸುಮಾರು 54 ಎಕರೆಯ ಹುಣಸೆ ತೋಪು ಅದು. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು. ಚೋಳರ ಕಾಲದ್ದೆಂದು ಜನ ನಂಬುವ ಮರಗಳ ಬೊಡ್ಡೆಗಳು ತಿರುಚಿ, ಟೊಳ್ಳಾಗಿ, ಮತ್ತೆ ಚಿಗುರಿ ನಿಂತಿವೆ. ನಡುವೆ ಪಾಳುಬಿದ್ದ ಗುಡಿಗಳು. ವಿಮಾನ ನಿಲ್ದಾಣದ ಸುತ್ತ ನೆಲಕ್ಕೆ ಚಿನ್ನದ ಬೆಲೆ ಬಂದ ತಾಲೂಕಿನಲ್ಲಿ ಈ ತೋಪು ಉಳಿದಿರುವುದು ನಮ್ಮೆಲ್ಲರ ಭಾಗ್ಯ.

ಚೀನಾದ ಗಿರಿಮಠಗಳೊಡನೆ ಹೋಲಿಕೆ

ತಾವೋ ಧರ್ಮದ ಸಂಘಟಿತ ರೂಪಕ್ಕೆ ತಳಹದಿ ಹಾಕಿದವನು ಕ್ರಿ.ಶ. 2ನೆಯ ಶತಮಾನದ ಜಾಂಗ್ ದಾವೋಲಿಂಗ್. ಸಿಚುವಾನ್ ಪ್ರಾಂತದ ಚಿಂಗ್‌ಚೆಂಗ್ ಬೆಟ್ಟ ಅವನ ಹೆಸರಿನೊಡನೆ ಬೆಸೆದುಕೊಂಡಿದೆ. ಅಲ್ಲಿಯ ಮುಖ್ಯ ದೇಗುಲವೊಂದು ಅವನ ಗವಿಯ ಬಳಿಯೇ ಇದೆ. ತಾವೋ ಸಾಧಕರು ಪವಿತ್ರ ಬೆಟ್ಟಗಳನ್ನು ‘ಗವಿಸ್ವರ್ಗ’ಗಳೆಂದು ಎಣಿಸಿದರು. ದೊಡ್ಡವು 10, ಚಿಕ್ಕವು 36, ಅವಲ್ಲದೆ 72 ಪುಣ್ಯಭೂಮಿಗಳು. ಚಿಂಗ್‌ಚೆಂಗ್ ಮೊದಲ ಹತ್ತರಲ್ಲಿ ಒಂದು. ಬಿದಿರು, ದೇವದಾರುಗಳ ಹಸಿರು ಅಲ್ಲಿ ವರ್ಷವಿಡೀ ಮುಚ್ಚಿರುತ್ತದೆ. ನೀರನ್ನು ಪರಮ ಆದರ್ಶವೆಂದು ಕಂಡ ತಾವೋ ಆದಿಗುರು ಲಾವೋತ್ಸೆಯ ಅನುಯಾಯಿಗಳಿಗೆ ಸೆಲೆ, ಹಳ್ಳ, ಮಂಜು ಸಾಧನೆಯ ಭಾಗವೇ ಆಗಿದ್ದವು.

2000ದಲ್ಲಿ ಯುನೆಸ್ಕೊ ಚಿಂಗ್‌ಚೆಂಗ್ ಬೆಟ್ಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವಾಗ ಬೆಟ್ಟವನ್ನಷ್ಟೇ ಸೇರಿಸಲಿಲ್ಲ. ಅದರ ಬುಡದಲ್ಲಿ ಕ್ರಿ.ಪೂ. 3ನೆಯ ಶತಮಾನದಿಂದ ಹೊಲಗಳಿಗೆ ನೀರು ಹಂಚುತ್ತಿರುವ ದುಜಿಯಾಂಗ್ಯಾನ್ ನೀರಾವರಿ ವ್ಯವಸ್ಥೆಯನ್ನೂ ಕೂಡಿಸಿ ಒಂದೇ ತಾಣವೆಂದು ಪರಿಗಣಿಸಿತು. ಮೇಲೆ ಸಾಧಕ, ಕೆಳಗೆ ರೈತ, ನಡುವೆ ಒಂದೇ ನೀರು. ಶಿವಗಂಗೆಯನ್ನು ನೋಡಬೇಕಾದ ಕಣ್ಣೂ ಇದೇ.

ಬೆಟ್ಟದಿಂದ ಇಳಿದ ನೀರು

ಶಿವಗಂಗೆ ಬೆಟ್ಟದ ಸೀಮೆಯಲ್ಲಿ ಕುಮುದ್ವತಿ ನದಿ ಹುಟ್ಟುತ್ತದೆ. ನೆಲಮಂಗಲ, ಮಾಗಡಿ ತಾಲೂಕುಗಳ ಕೆರೆಗಳನ್ನು ಒಂದೊಂದಾಗಿ ತುಂಬಿಸುತ್ತಾ ಸಾಗಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೂಲಕ ಬಂದದ್ದು. ಎರಡು ಬೆಟ್ಟಸಾಲುಗಳ ನೀರು ಹೀಗೆ ಕೂಡುವ ಜಾಗದಲ್ಲಿ 1930ರ ದಶಕದಲ್ಲಿ ಚಾಮರಾಜಸಾಗರ ಜಲಾಶಯ ಎದ್ದಿತು. ಕಾವೇರಿ ನೀರು ಬರುವ ಮೊದಲು ಬೆಂಗಳೂರಿನ ಬಾಯಾರಿಕೆ ತಣಿಸಿದ್ದು ಈ ನೀರೇ. ಶಿವಗಂಗೆಯ ತೀರ್ಥ ರಾಜಧಾನಿಯ ನಲ್ಲಿಯವರೆಗೆ ಬಂದಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ಕುಮುದ್ವತಿಯಲ್ಲಿ ಈಗ ಮಳೆಗಾಲ ಬಿಟ್ಟರೆ ಹರಿವಿಲ್ಲ. ಕೊಳವೆಬಾವಿಗಳು ಅಂತರ್ಜಲವನ್ನು ಕೆಳಗಿಳಿಸಿದವು. ಕೆರೆಗಳಿಗೆ ನೀರು ತರುವ ರಾಜಕಾಲುವೆಗಳು ಒತ್ತುವರಿಯಾದವು. ನೀಲಗಿರಿ ತೋಪುಗಳು ಬಯಲನ್ನೆಲ್ಲ ಆವರಿಸಿದವು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಕಲ್ಲುಗಣಿ, ಕೈಗಾರಿಕಾ ಪ್ರದೇಶ, ಬಡಾವಣೆಗಳ ಒತ್ತಡ ಬೇರೆ. ಜಲಾಶಯಕ್ಕೆ ಕೊಳಚೆ ಸೇರಿ ಅಲ್ಲಿಂದ ನಗರಕ್ಕೆ ನೀರು ಪೂರೈಸುವುದು ನಿಂತಿತು. ಜಲಾನಯನವನ್ನು ಕಾಪಾಡಲು 2003ರಲ್ಲಿ ಸರ್ಕಾರ ಹೊರಡಿಸಿದ ಅಧಿಸೂಚನೆಯ ನಿರ್ಬಂಧಗಳನ್ನೂ ಮುಂದೆ ಸಡಿಲಿಸಲಾಯಿತು. ಬೆಟ್ಟದ ನೆತ್ತಿಯ ಹನಿಯನ್ನು ಗಂಗೆಯೆಂದು ಕೈಮುಗಿಯುವ ಭಕ್ತಿ ಬುಡದ ಹೊಳೆಗೆ ಇಳಿಯದೇ ಹೋದದ್ದು ಈ ಕ್ಷೇತ್ರದ ಇಂದಿನ ಅತಿದೊಡ್ಡ ನೋವು. ಕುಮುದ್ವತಿಯ ಹಳ್ಳಗಳಲ್ಲಿ ಇಂಗುಬಾವಿ, ಕಲ್ಲುತಡೆ ಕಟ್ಟಿ, ಕಲ್ಯಾಣಿಗಳ ಹೂಳೆತ್ತುವ ಕೆಲಸವನ್ನು ಸ್ವಯಂಸೇವಕರು ಮತ್ತು ಗ್ರಾಮ ಪಂಚಾಯಿತಿಗಳು ಕೆಲವು ಕಡೆ ಮಾಡಿರುವುದು ಸಂತೋಷದ ಸಂಗತಿ.

ಭೇಟಿ

ಶಿವಗಂಗೆ ಬೆಂಗಳೂರಿನಿಂದ ಸುಮಾರು 55 ಕಿಲೋಮೀಟರ್. ದಾಬಸ್‌ಪೇಟೆಯವರೆಗೆ ತುಮಕೂರು ಬಸ್ಸುಗಳು ಧಾರಾಳ. ರೈಲಿನಲ್ಲಿ ಬರುವವರು ನಿಡವಂದ ನಿಲ್ದಾಣದಲ್ಲಿ ಇಳಿಯಬೇಕು. ಹತ್ತಲು ಬೆಳಗಿನ ಹೊತ್ತೇ ಸರಿ, ಬಿಸಿಲೇರಿದರೆ ಬಂಡೆ ಕಾಲು ಸುಡುತ್ತದೆ. ಕೋತಿಗಳ ಕಾಟವಿರುವುದರಿಂದ ತಿಂಡಿಯ ಚೀಲವನ್ನು ಕೈಯಲ್ಲಿ ಹಿಡಿದು ಹತ್ತಬಾರದು. ಮಳೆ ಬಂದ ಮೇಲೆ ಒಳಕಲ್ ತೀರ್ಥದಿಂದ ಮುಂದಿನ ಕಡಿದಾದ ಹಾದಿ ಜಾರುತ್ತದೆ. ವಯಸ್ಸಾದವರು ಅಲ್ಲಿಂದಲೇ ಹಿಂದಿರುಗುವುದು ಒಳ್ಳೆಯದು, ಮುಖ್ಯ ಗುಡಿಗಳೂ ಹೆಚ್ಚಿನ ತೀರ್ಥಗಳೂ ಅದಕ್ಕಿಂತ ಕೆಳಗೇ ಇವೆ. ಮಾಕಳಿದುರ್ಗದ ಚಾರಣಕ್ಕೆ ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮುಂಗಡ ಕಾಯ್ದಿರಿಸಬೇಕು. ಘಾಟಿಗೆ ದೊಡ್ಡಬಳ್ಳಾಪುರದಿಂದ ಬಸ್ಸುಗಳಿವೆ. ಸಂಕ್ರಾಂತಿ, ಶಿವರಾತ್ರಿ ಮತ್ತು ಕಾರ್ತಿಕ ಸೋಮವಾರಗಳಲ್ಲಿ ಶಿವಗಂಗೆಗೆ ಜನ ಕಿಕ್ಕಿರಿಯುತ್ತಾರೆ. ಗವಿಯ ತಂಪಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರಬಯಸುವವರಿಗೆ ಮಳೆಗಾಲ ಮುಗಿದ ಮೇಲಿನ ವಾರದ ನಡುವಿನ ದಿನಗಳು ತಕ್ಕವು. ಆಗ ತೀರ್ಥಗಳಲ್ಲಿ ನೀರು ತುಂಬಿರುತ್ತದೆ, ಬೆಟ್ಟದ ಹುಲ್ಲು ಇನ್ನೂ ಹಸಿರಾಗಿರುತ್ತದೆ.